ನಲವತ್ತೊಂದನೆಯ ಇಲಿ

ಅರಕೇರಾದ ಹಳ್ಳದ ದಂಡೆಯಲ್ಲಿ ಇಲಿಗಳ ಅಧ್ಯಯನಕ್ಕೆ ಬಂದಿದ್ದ ಸ್ವಪ್ನಾ ಮೇಡಂಗೆ ನಾನು ಬೋನು ಇಟ್ಟುಕೊಡುತ್ತಿದ್ದೆ. ಸಿಕ್ಕ ಇಲಿಯ ಕಿವಿಗೆ ನಂಬರಿನ ತಗಡು ಹಾಕಿ ಜೀವಂತ ಬಿಡಬೇಕು. ಒಂದು ಮುಂಜಾನೆ ನಲವತ್ತೊಂದನೆಯದು ಅವರ ಬೆರಳು ಕಚ್ಚಿ ಹಿಡಿಯಿತು. ಹೊಲದಲ್ಲಿ ಇಲಿ ಬಡಿದೇ ರೂಢಿಯಾದ ಕೈ ನನ್ನದು. ಕಿತ್ತು ಬಂಡೆಗೆ ಬಡಿದೆ. ತಲೆ ಒಡೆಯಿತು.

“ಯಪ್ಪಾ, ಕೊಲ್ಲಬ್ಯಾಡ್ರಿ ಅಂದಿದ್ದೆನಲ್ಲ!”

“ನಿಮ್ಮ ಬೆರಳು ತಿನ್ನಾಕತ್ತಿತ್ತು. ಮುತ್ತು ಕೊಡಬೇಕಿತ್ತೇನ್ರಿ?”

ಮರುದಿನ ಅದೇ ಇಲಿ ಬೋನಿನಲ್ಲಿ ಕೂತಿತ್ತು. ಒಡೆದ ತಲೆ ಹಾಗೇ ಇತ್ತು, ಮೈ ತಣ್ಣಗಿತ್ತು, ಕಣ್ಣು ಮಿಟುಕುತ್ತಿತ್ತು. ಮತ್ತೆ ಬಡಿದೆ. ಮೇಡಂ ತಲೆ ಹಿಡಿದುಕೊಂಡು ಕುಸಿದರು.

ಮೂರನೆಯ ದಿನವೂ ಅದು ಅಲ್ಲೇ ಇತ್ತು.

“ಕೈ ಮುಗೀತೀನಿ ಯಪ್ಪಾ, ಬಿಟ್ಟುಬಿಡ್ರಿ,” ಎಂದರು ಮೇಡಂ.

ಹೆದರಿದ ಕೈ ನಿಲ್ಲಲಿಲ್ಲ. ಬಡಿದೆ. ಬೆನ್ನ ಹಿಂದೆ ತೆಂಗಿನಕಾಯಿ ಒಡೆದಂಥ ಸದ್ದಾಯಿತು. ತಿರುಗಿದರೆ ಮೇಡಂ ತಲೆ ಒಡೆದು ಬಿದ್ದಿದ್ದರು. ಅವರು ಬಿದ್ದಲ್ಲಿ ಮೆತ್ತನೆಯ ಮರಳಿತ್ತು. ಒಂದು ಕಲ್ಲೂ ಇರಲಿಲ್ಲ.