ಎರಡು ಸುತ್ತು ಸಡಿಲ

ಸೋಮವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಹೆಂಗಸು ಠಾಣೆಗೆ ಬಂದಳು. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು; ಹೊಲಿಗೆ ಯಂತ್ರದ ಮುಂದಿನಿಂದ ನೇರ ಎದ್ದು ಬಂದಿದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ.

ಇನ್ಸ್‌ಪೆಕ್ಟರಿಗೆ ಅವಳ ಗುರುತು ಸಿಕ್ಕಿತು. ಸಿಕ್ಕಿದ ಕೂಡಲೇ ಕಣ್ಣು ಮೇಜಿನ ಮೇಲಿನ ಫೈಲಿಗೆ ಇಳಿಯಿತು. ವಾರದ ಹಿಂದೆ, ಒಂಬತ್ತನೇ ತಾರೀಖು, ಲಾರಿ ಗ್ಯಾರೇಜಿನಲ್ಲಿ ಇವಳ ಗಂಡ ಸತ್ತಿದ್ದ. ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದ ಲಾರಿ ಕುಸಿದು, ಹಿಂದಿನ ಆಕ್ಸಲ್ ಅವನ ಎದೆಯ ಮೇಲೆ ಕೂತಿತ್ತು. ನಲವತ್ತು ನಿಮಿಷದಲ್ಲಿ ಪಂಚನಾಮೆ ಮುಗಿದಿತ್ತು. ಜಾಕಿನ ರಿಲೀಸ್ ವಾಲ್ವ್, ಅಂದರೆ ಭಾರ ಇಳಿಸುವ ತಿರುಪು, ಎರಡು ಸುತ್ತು ಸಡಿಲವಾಗಿತ್ತೆಂದು ಬರೆದು, ಅಸಹಜ ಸಾವು, ಮೃತನ ಅಜಾಗರೂಕತೆಯೇ ಕಾರಣ ಎಂದು ಷರಾ ಹಾಕಿ ಇನ್ಸ್‌ಪೆಕ್ಟರ್ ಕೈ ತೊಳೆದುಕೊಂಡಿದ್ದ. ಆಸ್ಪತ್ರೆಯ ಕಾರಿಡಾರಿನಲ್ಲಿ, ಒಂಬತ್ತು ವರ್ಷದ ಮಗಳು ಸೆರಗು ಹಿಡಿದು ನಿಂತಿರುವಾಗಲೇ, ಇವಳಿಗೆ ಹೇಳಿದ್ದ: "ನಿಮ್ಮ ಯಜಮಾನ್ರದ್ದೇ ತಪ್ಪಮ್ಮ. ತಿರುಪು ಬಿಗಿ ಮಾಡಿರಲಿಲ್ಲ."

"ಕೂತ್ಕೊಳ್ಳಿ," ಎಂದ.

"ಕೂತ್ಕೊಳ್ಳಲ್ಲ ಸಾರ್. ಒಂದು ಮಾತು ಕೇಳ್ಬೇಕು. ತಿರುಪು ಎರಡು ಸುತ್ತು ಸಡಿಲ ಇದ್ರೆ ಜಾಕ್ ಮೇಲೇಳುತ್ತಾ?"

ಅವನು ಫೈಲಿನ ಹಾಳೆ ತಿರುವಿದ.

"ಮನೇಲಿ ಬೀರು ಎತ್ತಿ ಇಟ್ಟಿಗೆ ಇಡೋಕೆ ಅವ್ರು ಒಂದ್ಸಲ ಸಣ್ಣ ಜಾಕ್ ತಂದಿದ್ರು. ನಾನೇ ಒತ್ತಿದೆ. ಎಷ್ಟ್ ಒತ್ತಿದ್ರೂ ಬೀರು ಜಪ್ಪಯ್ಯ ಅನ್ನಲಿಲ್ಲ. 'ಮೊದ್ಲು ತಿರುಪು ಬಿಗಿ ಮಾಡೇ' ಅಂತ ನಕ್ರು. ಸಡಿಲ ಇದ್ರೆ ಏಳೋದೇ ಇಲ್ಲ ಅಂದ್ಮೇಲೆ ಅಷ್ಟು ದೊಡ್ಡ ಲಾರಿ ಹ್ಯಾಗೆ ಎದ್ದಿತ್ತು ಸಾರ್? ತಪ್ಪನ್ನ ಸತ್ತೋರ ಮೇಲೆ ಹಾಕಿದ್ರೆ ಅವ್ರೇನು ಎದ್ದು ಬಂದು ಇಲ್ಲ ಅಂತಾರಾ? ಸ್ಕೂಲಲ್ಲಿ ನನ್ನ ಮಗಳಿಗೆ ಹೇಳ್ತಾರೆ, ನಿಮ್ಮಪ್ಪ ಅವ್ರ ದಡ್ಡತನಕ್ಕೇ ಸತ್ರು ಅಂತ."

ದೂರಿನ ಹಾಳೆಯನ್ನು ಮೇಜಿನ ಮೇಲಿಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಹೋದಳು.

ಹೆಡ್ ಕಾನ್‌ಸ್ಟೇಬಲ್ ಬಾಗಿಲಲ್ಲೇ ನಿಂತಿದ್ದ. ನಿವೃತ್ತಿಗೆ ಎಂಟು ತಿಂಗಳಿದ್ದ ಅವನನ್ನು ಠಾಣೆಯವರೆಲ್ಲ ದೊಡ್ಡಪ್ಪ ಎನ್ನುತ್ತಿದ್ದರು. ಅವನ ಕಣ್ಣು ಮೇಜಿನ ಮೇಲಿನ ದೂರಿನ ಮೇಲಿತ್ತು. ಆ ನೋಟವೇ ಇನ್ಸ್‌ಪೆಕ್ಟರಿಗೆ ಚುಚ್ಚಿತು.

"ಜೀಪಿನ ಜಾಕ್ ತೆಗೀರಿ ದೊಡ್ಡಪ್ಪ," ಎಂದ ಇನ್ಸ್‌ಪೆಕ್ಟರ್. ಗ್ಯಾರೇಜಿನ ಜಾಕ್ ಮೊಹರಾಗಿ, ಜಪ್ತಿ ವಸ್ತುಗಳನ್ನಿಡುವ ಮಾಲುಖಾನೆಯಲ್ಲಿತ್ತು, ಅದನ್ನು ಮುಟ್ಟುವಂತಿರಲಿಲ್ಲ.

ಠಾಣೆಯ ಹಿಂದೆ ಜೀಪಿನ ಕೆಳಗೆ ಜಾಕ್ ಇಟ್ಟು, ತಿರುಪನ್ನು ಎರಡು ಸುತ್ತು ಸಡಿಲಿಸಿ, ದೊಡ್ಡಪ್ಪ ಮೂವತ್ತು ಸಲ ಹಿಡಿ ಒತ್ತಿದ. ಜೀಪು ಕೂದಲೆಳೆಯಷ್ಟೂ ಏಳಲಿಲ್ಲ. ತಿರುಪು ಬಿಗಿ ಮಾಡಿದಾಗ ನಾಲ್ಕೇ ಒತ್ತಿಗೆ ಚಕ್ರ ನೆಲ ಬಿಟ್ಟಿತು.

"ಇಷ್ಟೇ ಸಾರ್," ಎಂದ ದೊಡ್ಡಪ್ಪ, ಹಣೆ ಒರೆಸಿಕೊಳ್ಳುತ್ತ. "ಎರಡು ನಿಮಿಷದ ಕೆಲಸ."

ಅವತ್ತು ಮಾಡಬಹುದಿದ್ದ ಎರಡು ನಿಮಿಷದ ಕೆಲಸ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು.

ಲಾರಿ ಎದ್ದಾಗ ತಿರುಪು ಬಿಗಿಯಾಗಿತ್ತು ಎಂದಾಯಿತು. ಹಾಗಿದ್ದರೆ ಆಮೇಲೆ ಸಡಿಲಿಸಿದವರು ಯಾರು? ಸತ್ತವನು ಲಾರಿಯ ಕೆಳಗಿದ್ದಾಗಲೇ ಯಾರಾದರೂ ತಿರುಗಿಸಿದ್ದರೆ ಅದು ಕೊಲೆ. ಇನ್ಸ್‌ಪೆಕ್ಟರ್ ಸ್ಥಳದ ಫೋಟೋಗಳನ್ನು ತೆಗೆದುಕೊಂಡು ಪಾಲಿಟೆಕ್ನಿಕ್ಕಿಗೆ ಹೋದ. ಅಲ್ಲಿನ ಯಂತ್ರವಿಭಾಗದ ಉಪನ್ಯಾಸಕಿ ಮಾತಿಗಿಂತ ಮೊದಲು ಕಪಾಟಿನಿಂದ ಎರಡು ಸಿರಿಂಜ್ ತೆಗೆದಳು. ಒಂದು ಸಣ್ಣದು, ಒಂದು ದಪ್ಪದ್ದು. ನಡುವೆ ಕೊಳವೆ, ಒಳಗೆಲ್ಲ ನೀರು.

"ನೀವು ಸಣ್ಣದನ್ನ ಒಂದು ಬೆರಳಲ್ಲಿ ಒತ್ತಿ. ದಪ್ಪದ್ದನ್ನ ನಿಮ್ಮ ಹೆಡ್ಡು ಬಲವಾಗಿ ಹಿಡ್ಕೊಳ್ಳಲಿ."

ದೊಡ್ಡಪ್ಪ ಹಲ್ಲು ಕಚ್ಚಿ ಹಿಡಿದ. ಇನ್ಸ್‌ಪೆಕ್ಟರ್ ಬೆರಳೊತ್ತಿದ. ದಪ್ಪ ಸಿರಿಂಜಿನ ದಂಡ ದೊಡ್ಡಪ್ಪನ ಹೆಬ್ಬೆರಳನ್ನು ದೂಡಿಕೊಂಡು ಎದ್ದಿತು.

"ನನ್ನ ಮರ್ಯಾದೆ ತೆಗೆದ್ರಿ ಮೇಡಂ," ಎಂದ ಅವನು.

ಉಪನ್ಯಾಸಕಿ ನಕ್ಕಳು. "ನಿಂತ ನೀರಿಗೆ ಭೇದಭಾವ ಇಲ್ಲ ನೋಡಿ. ಒಂದು ಕಡೆ ಕೊಟ್ಟ ಒತ್ತಡ ಎಲ್ಲಾ ಕಡೆಗೂ ಅಷ್ಟಷ್ಟೇ ಹೋಗುತ್ತೆ. ಗೋಡೆಗೂ, ತಳಕ್ಕೂ, ಮೇಲಿನ ದಂಡಕ್ಕೂ. ದಂಡದ ಮುಖದ ವಿಸ್ತೀರ್ಣ ಹತ್ತರಷ್ಟು ಇದ್ರೆ ಹತ್ತರಷ್ಟು ಬಲ. ಹಾಗಂತ ಬಿಟ್ಟಿ ಏನೂ ಇಲ್ಲ. ನೀವು ಹತ್ತು ಬೆರಳಷ್ಟು ಒತ್ತಿದ್ರೆ ಅದು ಒಂದೇ ಬೆರಳು ಏಳೋದು. ಜಾಕ್ ಅಂದ್ರೆ ಇದೇ, ನೀರಿನ ಬದ್ಲು ಎಣ್ಣೆ."

"ಲಾರಿಯ ಹಿಂಭಾಗ ನಾಲ್ಕು ಟನ್ ಇತ್ತು."

"ಈ ಜಾಕಿನ ದಂಡಕ್ಕೆ ಲೆಕ್ಕ ಹಾಕಿದ್ರೆ, ಒಳಗೆ ಒಂದು ಉಗುರಿನಷ್ಟು ಜಾಗದ ಮೇಲೆ ಇನ್ನೂರು ಕೆಜಿ. ಅಷ್ಟನ್ನೂ ತಡೆದು ನಿಲ್ಲಿಸೋದು ದಂಡದ ಸುತ್ತ ಇರೋ ರಬ್ಬರ್ ಸೀಲು. ಒತ್ತಡ ಸುಮ್ನೆ ಇರಲ್ಲ ಸಾರ್, ಎಲ್ಲಿ ಬಲ ಕಮ್ಮಿ ಇದೆಯೋ ಅಲ್ಲಿಂದ ದಾರಿ ಮಾಡ್ಕೊಳ್ಳುತ್ತೆ."

ಅವಳು ಫೋಟೋ ಕೈಗೆತ್ತಿಕೊಂಡಳು. ಜಾಕಿನ ಸುತ್ತ ನೆಲದ ಮೇಲೆ ಹೊಳೆಯುವ ಕಲೆ ಇತ್ತು. "ಇದೇನು?"

"ಎಣ್ಣೆ. ಗ್ಯಾರೇಜ್ ಅಲ್ವಾ, ಎಲ್ಲಾ ಕಡೆ ಇರುತ್ತೆ."

"ಜಾಕಿನ ಕುತ್ತಿಗೆಯಿಂದ ಇಳಿದಿದೆ ನೋಡಿ. ತಿರುಪು ಬಿಚ್ಚಿದ್ರೆ ಎಣ್ಣೆ ಒಳಗಿನ ತೊಟ್ಟಿಗೇ ವಾಪಸ್ ಹೋಗುತ್ತೆ, ಹೊರಗೆ ಒಂದು ಹನಿ ಬೀಳಲ್ಲ. ಲಾರಿ ಬಿದ್ದಿದ್ದು ತಿರುಪಿಂದ ಅಲ್ಲ. ಸೀಲು ಹರಿದು ಬಿದ್ದಿದೆ. ತಿರುಪು ಬಿಚ್ಚಿದ್ದು ಅದಾದ್ಮೇಲೆ."

ಫೋಟೋ ತೆಗೆಸಿದ್ದು ತಾನೇ, ಎಣ್ಣೆಯ ಮೇಲೆ ಬೂಟುಗಾಲು ಇಟ್ಟು ನಿಂತಿದ್ದೂ ತಾನೇ. ಫೋಟೋದ ಮೂಲೆಯಲ್ಲಿ ಆ ಬೂಟು ಬಿದ್ದಿತ್ತು.

ಜಾಕ್ ಪ್ರಯೋಗಾಲಯಕ್ಕೆ ಹೋಯಿತು. ವರದಿ ಬರುವಷ್ಟರಲ್ಲಿ ಗ್ಯಾರೇಜಿನ ವಿಚಾರಣೆ ನಡೆಯಿತು. ಸತ್ತವನನ್ನು ಅಲ್ಲಿ ಗಿಣಿ ಎಂದು ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇರಲಿಲ್ಲವಂತೆ. ಮಾಲೀಕನ ಹೇಳಿಕೆ ಚಿಕ್ಕದು.

"ಲಾರಿ ಕೆಳಗೆ ಆಸರೆ ಕಂಬ ಯಾಕಿರಲಿಲ್ಲ?"

"ಇದ್ದಿದ್ದು ಒಂದೇ ಜೊತೆ ಸಾರ್. ಬೇರೆ ಗಾಡಿ ಕೆಳಗಿತ್ತು. ಇನ್ನೊಂದು ಜೊತೆ ತರಿಸ್ಬೇಕು ಅಂತಿದ್ದೆ."

"ಅಂತಿದ್ರಿ. ಲಾರಿ ಬಿದ್ದಾಗ ಮೊದಲು ಓಡಿ ಬಂದಿದ್ದು ಯಾರು?"

"ನಾನೂ, ನಮ್ಮ ಹಿರೇ ಮೆಕ್ಯಾನಿಕ್ ಮೇಸ್ತ್ರೀನೂ. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡೋಕೆ ಆಫೀಸಿಗೆ ಓಡ್ದೆ."

"ಮೇಸ್ತ್ರಿ ಒಬ್ರೇ ಇದ್ರು?"

"ಐದು ನಿಮಿಷ ಇದ್ದಿರಬಹುದು."

"ಆ ಜಾಕನ್ನ ಕೊನೇ ಸಲ ಯಾರು ಬಿಚ್ಚಿದ್ರು?"

"ಮೇಸ್ತ್ರೀನೇ. ಶುಕ್ರವಾರ, ಆರನೇ ತಾರೀಖು, ಎಣ್ಣೆ ಬದಲಾಯಿಸಿದ್ರು. ಅವತ್ತು ಗಿಣಿ ರಜಾ; ಮಗಳಿಗೆ ಜ್ವರ ಅಂತ."

ಇಪ್ಪತ್ತೇಳನೇ ತಾರೀಖು ವರದಿ ಬಂತು. ಜಾಕಿನಲ್ಲಿ ಇದ್ದದ್ದು ಜಾಕ್ ಆಯಿಲ್ ಅಲ್ಲ, ಬ್ರೇಕ್ ಆಯಿಲ್. ಅದು ಆ ಜಾತಿಯ ರಬ್ಬರಿಗೆ ವಿಷವಿದ್ದ ಹಾಗೆ. ಮೂರು ದಿನದಲ್ಲಿ ಸೀಲು ನೆನೆಸಿದ ಕಾಳಿನಂತೆ ಉಬ್ಬಿ, ಮೆತ್ತಗಾಗಿ, ಭಾರ ಬಿದ್ದಾಗ ಹರಿದಿತ್ತು.

ಮೂರು ಗಂಟೆಗೆ ಇನ್ಸ್‌ಪೆಕ್ಟರ್, ದೊಡ್ಡಪ್ಪ ಸೇರಿ ಇಬ್ಬರು ಪಂಚರೊಂದಿಗೆ ಗ್ಯಾರೇಜಿಗೆ ಹೋದರು. ಮೇಸ್ತ್ರಿಗೆ ಐವತ್ತೈದು ಇರಬಹುದು. ಇಪ್ಪತ್ತೇಳು ವರ್ಷದ ಕೆಲಸ. ಎಂಜಿನ್ ಸದ್ದು ಕೇಳಿಯೇ ಯಾವ ವಾಲ್ವ್ ಹೋಗಿದೆ ಎನ್ನುವವನು. ಅಂಗಿಯ ಜೇಬಿನಲ್ಲಿ ಪೆನ್ನು, ಕತ್ತಿನ ದಾರದಲ್ಲಿ ಕನ್ನಡಕ.

"ಅವತ್ತು ಎಣ್ಣೆ ಹ್ಯಾಗೆ ಹಾಕಿದ್ರಿ ಅಂತ ತೋರಿಸಿ ಮೇಸ್ತ್ರಿ."

ಮೇಸ್ತ್ರಿ ಸ್ಟೋರಿಗೆ ಹೋಗಿ, ಸಾಲಾಗಿದ್ದ ಡಬ್ಬಿಗಳಲ್ಲಿ ಕೆಂಪನ್ನು ತಡಮಾಡದೆ ಎತ್ತಿಕೊಂಡು, ಲಾಳಿಕೆಯೊಂದಿಗೆ ಬಂದ. ದೊಡ್ಡಪ್ಪ ಡಬ್ಬಿಯ ಮೇಲೆ ಕಣ್ಣಾಡಿಸಿ ಇನ್ಸ್‌ಪೆಕ್ಟರ್ ಕಡೆ ನೋಡಿದ.

"ಇದು ಬ್ರೇಕ್ ಆಯಿಲ್," ಎಂದ ಇನ್ಸ್‌ಪೆಕ್ಟರ್.

ಮೇಸ್ತ್ರಿ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದ. ಪೂರ್ತಿ ಒಂದು ಸುತ್ತು. "ಕೆಂಪು ಡಬ್ಬಿ ಯಾವಾಗ್ಲೂ ಜಾಕ್ ಆಯಿಲೇ ಸಾರ್," ಎಂದವನು ತಟ್ಟನೆ ಮಾತು ನುಂಗಿ, "ಅಲ್ಲ... ಅವತ್ತು ಸರಿಯಾದ್ದೇ ಹಾಕಿದ್ದೆ. ಇವತ್ತು ಅವಸರದಲ್ಲಿ," ಎಂದ.

ಇನ್ಸ್‌ಪೆಕ್ಟರ್ ಆಫೀಸಿನ ಗೋಡೆಯಿಂದ ತೆಗೆಸಿದ್ದ ಹಾಳೆಯನ್ನು ಮುಂದಿಟ್ಟ. ಎಣ್ಣೆಯ ಕಂಪನಿ ಬದಲಾಗಿದೆ, ಇನ್ನು ಮೇಲೆ ಜಾಕ್ ಆಯಿಲ್ ನೀಲಿ ಡಬ್ಬಿಯಲ್ಲಿ, ಬ್ರೇಕ್ ಆಯಿಲ್ ಕೆಂಪು ಡಬ್ಬಿಯಲ್ಲಿ ಬರುತ್ತದೆ ಎಂಬ ಸೂಚನೆ. ಮೂರನೇ ತಾರೀಖಿನದು. ಕೆಳಗೆ ಎಲ್ಲ ಕೆಲಸಗಾರರ ಸಹಿ. ಎಲ್ಲಕ್ಕಿಂತ ಮೇಲೆ, ಬಾಲ ಸುತ್ತಿದ ಅಂದವಾದ ಸಹಿ ಮೇಸ್ತ್ರಿಯದು.

"ಇದು ನಿಮ್ಮ ಸಹಿನಾ?"

"ನಂದೇ."

"ಓದಿ ಹಾಕಿದ್ರಾ?"

"ಓದ್ದೇ ಯಾರಾದ್ರೂ ಹಾಕ್ತಾರಾ ಸಾರ್?"

"ಹಾಗಾದ್ರೆ ಗೊತ್ತಿದ್ದೂ ಗೊತ್ತಿದ್ದೂ ಬ್ರೇಕ್ ಆಯಿಲ್ ಹಾಕಿದ್ರಿ. ಅವನು ಸತ್ತ ಮೇಲೆ ತಿರುಪು ಸಡಿಲ ಮಾಡಿ ತಪ್ಪನ್ನ ಅವನ ತಲೆಗೆ ಕಟ್ಟಿದ್ರಿ. ಇದಕ್ಕೆ ಏನಂತಾರೆ ಗೊತ್ತಾ? ಕೊಲೆ ಅಂತಾರೆ."

ಬಾಗಿಲಲ್ಲಿ ಕೆಲಸಗಾರರು ಗುಂಪುಗೂಡಿದ್ದರು. ಮೇಸ್ತ್ರಿ ಅವರತ್ತ ಒಮ್ಮೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಹಂಗೇ ಬರ್ಕೊಳ್ಳಿ ಸಾರ್," ಎಂದ.

"ಏನಂತ?"

"ಕೊಲೆ ಅಂತ. ಬೇಕಂತ್ಲೇ ಹಾಕ್ದೆ ಅಂತ."

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರ್ ಕೊಲೆಯನ್ನು ಅಲ್ಲಗಳೆದವರನ್ನು ಎಷ್ಟೋ ನೋಡಿದ್ದ. ಇಷ್ಟು ಸುಲಭವಾಗಿ ಒಪ್ಪಿದವನನ್ನು ನೋಡಿರಲಿಲ್ಲ. ಅದೂ ಕಾರಣ ಕೇಳುವ ಮೊದಲೇ. ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದ. ನಲವತ್ತು ನಿಮಿಷದಲ್ಲಿ ಮುಗಿಸುವ ಚಾಳಿ ಒಂದು ಸಲ ಸಾಕಾಗಿತ್ತು.

ಕೆಲಸಗಾರರನ್ನು ಹೊರಗೆ ಕಳಿಸಿ, ಬಾಗಿಲು ಎಳೆದುಕೊಂಡ. ಹಾಳೆಯನ್ನು ಮೇಸ್ತ್ರಿಯ ಕಡೆ ಸರಿಸಿದ.

"ಕೆಂಪು ಡಬ್ಬಿ ಅಂತ ಬರೆದಿರೋದು ಎಲ್ಲಿ, ಬೆರಳಿಟ್ಟು ತೋರಿಸಿ."

ಮೇಸ್ತ್ರಿ ಕನ್ನಡಕ ಏರಿಸಿದ. ಇಳಿಸಿದ. ಒರೆಸಿ ಮತ್ತೆ ಏರಿಸಿದ. ಗ್ರೀಸು ಕೂತ ಉಗುರಿನ ದಪ್ಪ ಬೆರಳು ಹಾಳೆಯ ಮೇಲೆ ಗಾಳಿಯಲ್ಲೇ ಅಲೆಯಿತು, ದಾರಿ ತಪ್ಪಿದವನ ಹಾಗೆ. ಕೊನೆಗೆ ಒಂದು ಕಡೆ ಕೂತಿತು. ಅದು ಮಾಲೀಕನ ಹೆಸರು.

ದೊಡ್ಡಪ್ಪ ಮುಖ ತಿರುಗಿಸಿದ. ಇನ್ಸ್‌ಪೆಕ್ಟರಿಗೂ ನೋಡಲಾಗಲಿಲ್ಲ, ಯಾರದೋ ಬಚ್ಚಲ ಬಾಗಿಲು ತಾನೇ ತಳ್ಳಿ ತೆರೆದಂತಾಯಿತು.

"ಒಂದಕ್ಷರಾನೂ ಬರಲ್ಲ ಸಾರ್," ಎಂದ ಮೇಸ್ತ್ರಿ. "ಸಹಿ ಮಾತ್ರ ಚಿತ್ರದ ಹಾಗೆ ಕಲ್ತೆ, ಇದೇ ಕೆಲಸ ಸಿಕ್ಕಾಗ. ಡಬ್ಬಿ ಬಣ್ಣ ನೋಡಿ ಗುರುತು ಇಟ್ಕೊಳ್ತಿದ್ದೆ. ಇಲ್ಲಿರೋರೆಲ್ಲ ನನ್ನನ್ನ ಮೇಸ್ತ್ರಿ ಅಂತಾರೆ. ಮೇಸ್ತ್ರಿಗೆ ಎಬಿಸಿಡಿ ಬರಲ್ಲ, ಅ ಆ ಬರಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ತಿರುಪು ಯಾಕೆ ಬಿಚ್ಚಿದ್ರಿ?"

"ಜಾಕಿಂದ ಎಣ್ಣೆ ಚಿಮ್ಮಿತ್ತು. ನಾನು ಕೈಯಿಟ್ಟ ಜಾಕು. ಏನು ತಪ್ಪು ಮಾಡ್ದೆ ಅಂತ ಗೊತ್ತಾಗ್ಲಿಲ್ಲ, ಆದ್ರೆ ಏನೋ ಮಾಡಿದೀನಿ ಅಂತ ಗೊತ್ತಾಯ್ತು. ಯಾವ ಎಣ್ಣೆ ಹಾಕ್ದೆ, ಡಬ್ಬಿ ಮೇಲೆ ಏನಿತ್ತು, ಎಲ್ಲಾ ಕೇಳ್ತಾರೆ ಅನ್ನಿಸ್ತು. ಗಿಣಿ ಉಸಿರು ನಿಂತಿತ್ತು ಸಾರ್, ಆಣೆ ಮಾಡ್ತೀನಿ, ನಿಂತ ಮೇಲೇ ಮಾಡಿದ್ದು. ಎರಡು ಸುತ್ತು ತಿರುಗಿಸ್ದೆ. ಕೈ ನನ್ನದೇ ಅನ್ನಿಸ್ಲಿಲ್ಲ."

"ಕೊಲೆ ಅಂತ ಯಾಕೆ ಒಪ್ಕೊಂಡ್ರಿ?"

"ಕೊಲೆಗಾರ ಅಂದ್ರೆ ಜನ ಹೆದರ್ತಾರೆ," ಎಂದ ಮೇಸ್ತ್ರಿ. "ಇದಕ್ಕಾದ್ರೆ ನಗ್ತಾರೆ."

ಸಂಜೆ ಐದು ನಲವತ್ತಕ್ಕೆ ಬಂಧನ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ. ಆಸರೆ ಕಂಬಗಳಿಲ್ಲದೆ ಕೆಲಸ ಮಾಡಿಸಿದ್ದಕ್ಕೆ ಮಾಲೀಕ ಎರಡನೇ ಆರೋಪಿ. ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಾನೇ ನಿಧಾನವಾಗಿ ಓದಿ ಹೇಳಿದ. ಸಹಿಗೆ ಪೆನ್ನು ಕೊಟ್ಟಾಗ ಮೇಸ್ತ್ರಿ ತೆಗೆದುಕೊಳ್ಳಲಿಲ್ಲ. ಶಾಯಿಯ ಪ್ಯಾಡು ಕೇಳಿ ಹೆಬ್ಬೆಟ್ಟು ಒತ್ತಿದ.

ಆ ದಿನದ ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಇನ್ನೊಂದು ಪುಟ ಬರೆದ. ಒಂಬತ್ತನೇ ತಾರೀಖಿನ ಪಂಚನಾಮೆಯಲ್ಲಿ ಎಣ್ಣೆಯ ಕಲೆಯನ್ನು ಗಮನಿಸಿಲ್ಲ, ಜಾಕನ್ನು ಪರೀಕ್ಷಿಸಿಲ್ಲ, ಮೃತನ ಮೇಲೆ ಹೊರಿಸಿದ ತಪ್ಪು ಆಧಾರರಹಿತ. ಇದು ತನಿಖಾಧಿಕಾರಿಯ ಲೋಪ.

ದೊಡ್ಡಪ್ಪ ಹೆಗಲ ಮೇಲಿಂದ ಇಣುಕಿದ. "ಇದು ನಿಮ್ಮ ಸರ್ವೀಸ್ ಬುಕ್ಕಿಗೆ ಹೋಗುತ್ತೆ ಸಾರ್."

"ಹೋಗ್ಲಿ."

ಅದರ ಪ್ರತಿ ಹಿಡಿದು, ಇನ್ನೂ ಬೆಳಕಿರುವಾಗಲೇ ಗಿಣಿಯ ಹೆಂಡತಿಯ ಮನೆಗೆ ಹೋದ. ಅವಳು ಪೂರ್ತಿ ಓದಿದಳು. ಮಗಳನ್ನು ಕರೆದು, "ಜೋರಾಗಿ ಓದು," ಎಂದು ಕೊಟ್ಟಳು. ಹುಡುಗಿ ತೊದಲುತ್ತ ಓದುವಾಗ ಇನ್ಸ್‌ಪೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. 'ತನಿಖಾಧಿಕಾರಿಯ ಲೋಪ' ಎಂಬಲ್ಲಿ ಅವಳು ನಿಂತು, "ಲೋಪ ಅಂದ್ರೇನಮ್ಮ?" ಎಂದಳು. "ತಪ್ಪು," ಎಂದು ಉತ್ತರಿಸಿದ್ದು ಅವನೇ. "ನಂದು."

ಮೇಸ್ತ್ರಿಗೆ ಓದಲು ಬಾರದ ವಿಷಯ ಹೇಳಿದಾಗ ತಾಯಿಗೆ ಆಶ್ಚರ್ಯವಾಗಲಿಲ್ಲ. ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು.

"ಇವ್ರಿಗೆ ಗೊತ್ತಿತ್ತು ಸಾರ್. ಹನ್ನೆರಡು ವರ್ಷದ ಹಿಂದೆ, ಗ್ಯಾರೇಜ್ ಸೇರಿದ ವರ್ಷಾನೇ ಗೊತ್ತಾಯ್ತಂತೆ. ಅದಕ್ಕೇ ಡಬ್ಬಿ, ಬೋರ್ಡು, ನೋಟೀಸು, ಕಣ್ಣಿಗೆ ಬಿದ್ದಿದ್ದೆಲ್ಲ ಗಟ್ಟಿಯಾಗಿ ಓದ್ತಿದ್ರು, ತಮಗೇ ಓದ್ಕೊಂಡ ಹಾಗೆ. ಮೇಸ್ತ್ರಿ ಕಿವಿಗೆ ಬೀಳ್ಲಿ ಅಂತ. 'ನೇರ ಹೇಳಿದ್ರೆ ಮನುಷ್ಯ ಕುಗ್ಗಿ ಹೋಗ್ತಾನೆ ಕಣೇ' ಅಂತಿದ್ರು. ಆ ನೋಟೀಸ್ ಬಂದ ದಿನ ಯಾಕೆ ಓದ್ಲಿಲ್ವೋ. ಮಗೂಗೆ ಹುಷಾರಿಲ್ದೆ ಇವ್ರ ತಲೆ ಎಲ್ಲೋ ಇತ್ತು."

ಠಾಣೆಗೆ ಮರಳಿದಾಗ ಲಾಕಪ್ಪಿನಲ್ಲಿ ಮೇಸ್ತ್ರಿ ಮಂಡಿಗೆ ಕೈ ಕಟ್ಟಿಕೊಂಡು ಕೂತಿದ್ದ. ಹೇಳಬೇಕೋ ಬೇಡವೋ ಎಂದು ಇನ್ಸ್‌ಪೆಕ್ಟರ್ ಕಂಬಿಯ ಹೊರಗೆ ನಿಂತ. ಹೇಳಿದರೆ ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಹೇಳದಿದ್ದರೆ ಸತ್ತವನ ಒಳ್ಳೆಯತನವನ್ನು ತಾನು ಎರಡನೇ ಸಲ ಮುಚ್ಚಿ ಹಾಕಿದ ಹಾಗೆ.

"ಗಿಣಿಗೆ ಗೊತ್ತಿತ್ತಂತೆ," ಎಂದ. "ನಿಮಗೆ ಓದೋಕೆ ಬರಲ್ಲ ಅಂತ."

ಮೇಸ್ತ್ರಿ ತಲೆ ಎತ್ತಿದ. "ಎಷ್ಟು ದಿನದಿಂದ?"

"ಹನ್ನೆರಡು ವರ್ಷ."

"ಯಾರಿಗಾದ್ರೂ ಹೇಳಿದ್ನಾ?"

"ಹೆಂಡತಿಗೆ ಬಿಟ್ರೆ ಯಾರಿಗೂ ಇಲ್ಲ."

ಮೇಸ್ತ್ರಿ ಗೋಡೆಯ ಕಡೆ ತಿರುಗಿ ಕೂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನು ಅಲುಗುತ್ತಿತ್ತು. ಇನ್ಸ್‌ಪೆಕ್ಟರ್ ಹೊರಗಿನ ಬೆಂಚಿನ ಮೇಲೆ ಕೂತುಕೊಂಡ. ದೊಡ್ಡಪ್ಪ ಟೀ ತಂದಾಗ, ಒಂದು ಲೋಟ ಒಳಗೆ ಕೊಡುವಂತೆ ಕೈ ತೋರಿಸಿದ.