ಬೂಷ್ಟಿನ ಗುಲಾಬಿ

ಎಂಬತ್ತನಾಲ್ಕರ ಮಾಗಿ. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಪುಟ್ಟೇನಹಳ್ಳಿಯಿಂದ ಸೈಕಲ್ ತುಳಿದು ಜಯನಗರದ ಸೆಂಟಿನ ಲ್ಯಾಬಿಗೆ ಬಂದಾಗ ಗಂಗಾ ಬಾಗಿಲಲ್ಲಿ ನಿಂತಿದ್ದಳು. ತಂದಿದ್ದ ಕಾಕಡದ ಮಾಲೆ ಚಾಚಿದೆ.

“ಅಯ್ಯೋ ಪಾಪಯ್ಯನವ್ರೇ, ದೂರ ಇಡಿ! ಮೂಗು ಕೆಡುತ್ತೆ.”

ಅವಳದು ಮೂಸುವ ಕೆಲಸ. ಹೂ ಮುಡಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ. ನನ್ನದು ಬೂಷ್ಟು ಸಾಕುವ ಕೆಲಸ. ಲ್ಯಾಬಿನ ಯಜಮಾನರು ಸೇತುರಾಮ ಸಾರ್ ಹೇಳಿಕೊಟ್ಟಂತೆ ಬೂಷ್ಟನ್ನು ಅಂಟಿನಲ್ಲಿ ಕಲಸಿ, ಕ್ಯಾಲ್ಸಿಯಂ ನೀರಿಗೆ ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆ. ಬೆಂದ ಸಾಬಕ್ಕಿಯಂಥ ಮುತ್ತುಗಳಾಗುತ್ತಿದ್ದವು. ಬೂಷ್ಟು ಒಳಗೇ ಸೆರೆ. ಅವನ್ನು ಪೆಟ್ರೋಲ್ ವಾಸನೆಯ ಹೆಕ್ಸೇನಿನಲ್ಲಿ ಮುಳುಗಿಸಿ, ನಿಂಬೆಹುಲ್ಲಿನ ಎಣ್ಣೆ ಬೆರೆಸಿಟ್ಟರೆ, ಒಳಗಿನ ಬೂಷ್ಟು ನಿಂಬೆಯ ಘಾಟನ್ನು ನಿಧಾನವಾಗಿ ಗುಲಾಬಿಯ ವಾಸನೆಗೆ ತಿರುಗಿಸುತ್ತಿತ್ತು. ಅದರಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಹೆಕ್ಸೇನ್ ಆರಿದ ಮೇಲೆ ಮೂಸಿ, ಗುಲಾಬಿ ಬಂತೋ ಇಲ್ಲವೋ ಎಂದು ಗಂಗಾ ಹೇಳಬೇಕು. ಆಗ ಕಣ್ಣು ಮುಚ್ಚುತ್ತಿದ್ದಳು. ನಾನು ನೋಡುತ್ತಿದ್ದೆ.

“ನನ್ನೇನ್ ನೋಡ್ತೀರಾ? ಬಾಟ್ಲು ನೋಡಿ,” ಎನ್ನುತ್ತಿದ್ದಳು, ಕಣ್ಣು ತೆರೆಯದೆಯೇ.

“ತಂಗಿ ಮದುವೆ ಆಗೋವರ್ಗೂ ಈ ಮೂಗೇ ನಮ್ಮನೆ ಅನ್ನ,” ಎಂದಿದ್ದಳು ಒಮ್ಮೆ. ಆಮೇಲೆ ನಾನು ಹೂ ತರಲಿಲ್ಲ, ಏನೂ ಕೇಳಲೂ ಇಲ್ಲ. ವರ್ಷಗಳು ಹೋದವು. ಹೆಕ್ಸೇನಿನ ಗಾಳಿಗೆ ಸಂಜೆ ತಲೆ ಭಾರ. ಬರಬರುತ್ತಾ ನನಗೆ ನಿಂಬೆಯೂ ಒಂದೇ, ಗುಲಾಬಿಯೂ ಒಂದೇ ಆಯಿತು.

“ಸೆರೇಲಿರೋ ಬೂಷ್ಟೇ ಇಷ್ಟು ಕೆಲ್ಸ ಮಾಡುತ್ತೆ,” ಒಂದು ದಿನ ಕೆಣಕಿದಳು. “ನಿಮ್ಮನ್ನ ಯಾರು ಕಟ್ಟಾಕಿದ್ದಾರೆ?”

“ಬೂಷ್ಟಿಗೆ ಆತುರ ಇಲ್ಲ ಗಂಗಮ್ಮ.”

“ನಂಗಿದೆ.”

ತಂಗಿಯ ಮದುವೆ ಮುಗಿದ ವಾರವೇ, ಒಂದು ಶುಕ್ರವಾರ, ಗಂಗಾ ಸಾರ್ ಅವರ ಕೋಣೆಯಿಂದ ಹೊರಬಂದು, “ಕೆಲ್ಸ ಬಿಟ್ಟೆ,” ಎಂದಳು. ನಾನು ತಟ್ಟನೆ ತಿರುಗಿದ್ದಕ್ಕೆ ಮೊಣಕೈ ತಗುಲಿ ಮುತ್ತುಗಳೆಲ್ಲ ನೆಲಕ್ಕೆ ಚೆಲ್ಲಿದವು.

“ಎಲ್ಲಿಗೆ ಹೋಗ್ತೀರಾ?”

“ಮೊದ್ಲು ಹೂವಿನಂಗಡಿಗೆ. ಬರ್ತೀರೋ, ಬೂಷ್ಟು ಗುಡಿಸ್ಕೊಂಡು ಕೂತಿರ್ತೀರೋ?”

ಫೋರ್ತ್ ಬ್ಲಾಕಿನಲ್ಲಿ ಕಾಕಡ ಕೊಡಿಸಿದೆ. ಮುಡಿದು, ಬೆನ್ನು ತಿರುಗಿಸಿ ನಿಂತಳು.

“ಹೆಂಗಿದೆ ವಾಸ್ನೆ?”

“ಚೆನ್ನಾಗಿದೆ.”

“ಸುಳ್ಳು! ನಿಮ್ಮ ಮೂಗು ಹೋಗಿದೆ ಅಂತ ನಂಗೊತ್ತಿಲ್ವಾ?” ನಕ್ಕಳು, ಕಣ್ಣು ತುಂಬಿತ್ತು. “ಬಿಡಿ, ಇಬ್ರಿಗೂ ನಾನೇ ಮೂಸ್ತೀನಿ.”

ಹಾಗೆಯೇ ಬಾಳಿದೆವು. ಹಾಲು ಸೀದರೆ ಕೂಗುವವಳು ಅವಳು, ಮಳೆ ಬರುತ್ತದೆ ಎನ್ನುವವಳು ಅವಳು.

ಮನೆಯೆಲ್ಲ ಹೂವಿನ ವಾಸನೆ ಎಂದರು, ಅವತ್ತು ಬಂದವರು. ಗಂಗಾ ತೀರಿಹೋದದ್ದು ಕಳೆದ ಕಾರ್ತೀಕದ ಸೋಮವಾರ.