ಕ್ಯಾಸೆಟ್ಟಿನ ಕೊನೆಯ ಮೌನ

"ಕೊನೆಗೆ ಉದ್ದಕ್ಕೆ ಮೌನ ಉಂಟು. ಏನೂ ಇಲ್ಲ ಅಂತ ಕತ್ತರಿಸ್ಬೇಡ ಮಾರಾಯ," ಎಂದು ಜಯದೇವಿ ಆಂಟಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. ಸುತ್ತಿದ್ದ ಕೆಂಪು ಬಟ್ಟೆ ಹಳೆಯ ಕರ್ಪೂರದ ವಾಸನೆ ಹೊಡೆಯುತ್ತಿತ್ತು.

"ಏನೂ ಇಲ್ಲದ್ದನ್ನ ಇಟ್ಕೊಂಡು ಏನ್ಮಾಡ್ತೀರ ಆಂಟಿ?" ಎಂದು ಶ್ರೀಕರ ನಕ್ಕ.

"ಯಕ್ಷಗಾನದ ಒಬ್ಬ ಭಾಗವತರ ಗಂಟಲಿಗೆ ಯಾರೋ ಮಾಟ ಮಾಡಿಸಿದ್ದು. ಉಡುಪಿಯಲ್ಲಿ ಮಂತ್ರವಾದಿ ಆಗಿದ್ದ ನನ್ನ ಅಪ್ಪ ಅದನ್ನು ತೆಗೆದು ಆ ಮೌನದಲ್ಲಿ ಕೂರಿಸಿದ್ರು. ಈಗ ಟೇಪಿಗೆ ಬೂಸ್ಟು ಹಿಡೀತಾ ಉಂಟು. ಅದಕ್ಕೇ ಕಂಪ್ಯೂಟರಿಗೆ ಹಾಕಿ ಕೊಡು ಅಂದದ್ದು."

"ಈ ಫ್ರಿಸ್ಕೋದಲ್ಲಿ ಮನೆ ರೇಟ್ ನೋಡಿದ್ರೆ ಕ್ಯಾಸೆಟ್ಟಲ್ಲಿ ಇರೋದೇ ವಾಸಿ ಬಿಡಿ."

ಆಂಟಿ ನಗಲಿಲ್ಲ. ಪಕ್ಕದೂರು ಮರ್ಫಿಯ ತಮ್ಮ ಮನೆಗೆ ಹೊರಟವರು ಕಾರಿನ ಬಾಗಿಲು ಹಿಡಿದು ಮತ್ತೊಮ್ಮೆ ಹೇಳಿದರು: "ಜಾಗ ಇಲ್ಲದಿದ್ರೆ ಅದು ಜಾಗ ಹುಡುಕ್ತದೆ."

ಲಿಯಾಂಡರ್ ಎಂಬ ಊರಿನಿಂದ ಫ್ರಿಸ್ಕೋಗೆ ಶಿಫ್ಟ್ ಆಗಿ ಬಂದ ಕೆಲವೇ ತಿಂಗಳಲ್ಲಿ ಶ್ರೀಕರ ಇಲ್ಲಿನ ಕನ್ನಡ ಸಂಘದ ನಿರೂಪಕನಾಗಿದ್ದ. ಒಳ್ಳೆಯ ಕಂಠ. ಊರಿಗೆ ಗೊತ್ತಾಗುವ ಮೊದಲೇ ಅದು ಅವನಿಗೆ ಗೊತ್ತಿತ್ತು. ಉಳಿದವರು ಮೈಕಿನ ಮುಂದೆ ಬಂದರೆ ಗದ್ದಲ, ತಾನು ಬಂದರೆ ಮಾತು. ಆ ಕಂಠಕ್ಕಾಗಿ ನಿಜವಾಗಿ ಕಾಯುತ್ತಿದ್ದವಳು ಒಬ್ಬಳೇ, ಐದು ವರ್ಷದ ಮಗಳು ದಿಯಾ. ಅಪ್ಪ ಕತೆ ಹೇಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಹೆಂಡತಿ ಮಧುರಾ ತರಕಾರಿಗೆ ಹೋದಳು. ಕ್ಯಾಸೆಟ್ಟಿಗೆ ಮುನ್ನುಡಿಯಾಗಿ ತನ್ನ ಕಂಠದಲ್ಲಿ ನಾಲ್ಕು ಮಾತು ಸೇರಿಸಬೇಕೆಂದು ಶ್ರೀಕರ ನಿರ್ಧರಿಸಿದ್ದ, ಯಾರೂ ಕೇಳಿರಲಿಲ್ಲ. ಸದ್ದು ಬರಬಾರದೆಂದು ಏಸಿ ಆರಿಸಿ ಮಹಡಿಯ ಬೆಡ್‌ರೂಮಿನ ಕ್ಲಾಸೆಟ್ಟಿಗೆ, ಬಟ್ಟೆ ತೂಗುಹಾಕುವ ಪುಟ್ಟ ಕೋಣೆಗೆ, ಹೊಕ್ಕ. ಅದೇ ಅವನ ಸ್ಟುಡಿಯೋ. ಸುತ್ತ ತೂಗುಬಿಟ್ಟ ಮಧುರಾಳ ರೇಷ್ಮೆ ಸೀರೆಗಳು ಸದ್ದನ್ನೆಲ್ಲ ಕುಡಿದುಬಿಡುತ್ತಿದ್ದವು. ಬಾಗಿಲು ಮುಚ್ಚಿದರೆ ಹಾಡುಹಗಲಲ್ಲೂ ಕತ್ತಲು. ನುಸಿಗುಳಿಗೆ, ಬೆವರು, ಕರ್ಪೂರ. ಕಂಪ್ಯೂಟರಿನ ನೀಲಿ ಬೆಳಕು ಜರಿಯ ಮೇಲೆ ತೆವಳುತ್ತಿತ್ತು. ಕ್ಯಾಸೆಟ್ ಪ್ಲೇಯರಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ರೆಕಾರ್ಡ್ ಒತ್ತಿದ.

ಹೆಡ್‌ಫೋನಿನಲ್ಲಿ ಆಂಟಿಯ ಅಪ್ಪನ ಗೊಗ್ಗರು ದನಿಯ ಮಂತ್ರ ಮುಗಿದು ಮೌನ ಶುರುವಾಯಿತು. ಆ ಮೌನದೊಳಗೆ ಐಸ್ ಉದುರಿತು. ಕೆಳಗೆ ಅವನ ಅಡುಗೆಮನೆಯ ಫ್ರಿಜ್ಜು ಐಸ್ ಉದುರಿಸುವ ಸದ್ದು, ಉಡುಪಿಯಲ್ಲಿ ಎಂದೋ ತುಂಬಿಸಿದ ಕ್ಯಾಸೆಟ್ಟಿನೊಳಗೆ.

ಮೈಕ್ ಮನೆಯ ಸದ್ದನ್ನೂ ಸೇರಿಸಿಕೊಳ್ಳುತ್ತಿದೆ ಎಂದು ತೀರ್ಪು ಕೊಟ್ಟ. ಇನ್‌ಪುಟ್ ಬದಲಿಸಿದ. ಡ್ರೈವರ್ ತೆಗೆದು ಹೊಸದು ಹಾಕಿದ. ರೀಸ್ಟಾರ್ಟ್ ಮಾಡಿದ. ಕೊನೆಗೆ ಮೈಕಿನ ತಂತಿಯನ್ನೇ ಕಿತ್ತ. ಮತ್ತೆ ರೆಕಾರ್ಡ್ ಮಾಡಿ ಕೇಳಿದರೆ ಈ ಸಲ ಗ್ಯಾರೇಜಿನ ಬಾಗಿಲು ಏರುವ ಸದ್ದು. ಕೆಳಗೆ ಹಾಲ್‌ನಲ್ಲಿ ಬಣ್ಣ ಹಚ್ಚುತ್ತ ದಿಯಾ ಗುನುಗುವ ಸದ್ದು. ಆಮೇಲೆ, ತೀರಾ ಹತ್ತಿರ, ಯಾರೋ ಎಂಜಲು ನುಂಗಿದ ಸದ್ದು.

ಒಂದು ಸೆರಗು ಅಲುಗಿತು. ಏಸಿ ಆರಿತ್ತು.

ಹೆದರಿಕೆಯಾದರೆ ಸಿಟ್ಟು ಮಾಡಿಕೊಳ್ಳುವುದು ಅವನ ಅಭ್ಯಾಸ. "ಮಂತ್ರವಾದಿ ಅಂತೆ. ರೆಕಾರ್ಡ್ ಮಾಡೋಕೇ ಬರಲ್ಲ," ಎನ್ನುತ್ತ ಮೌನವನ್ನು ಅಷ್ಟುದ್ದಕ್ಕೂ ಸೆಲೆಕ್ಟ್ ಮಾಡಿ, ಡಿಲೀಟ್ ಒತ್ತಿ, ಸೇವ್ ಮಾಡಿದ.

ಪ್ಲೇಯರಿನೊಳಗೆ ಟೇಪು ಸಿಕ್ಕಿ ಚೂರಾಯಿತು.

ಥತ್ ಎಂದ. ಸದ್ದು ಬರಲಿಲ್ಲ. ಮತ್ತೊಮ್ಮೆ ಎಂದ. ತುಟಿ ಅಲುಗಿತು, ಗಂಟಲು ಉಬ್ಬಿತು, ಅಷ್ಟೇ. ಪರದೆಯ ಮೇಲೆ ಸದ್ದು ಅಳೆಯುವ ಹಸಿರು ಮೀಟರ್ ಕುಣಿಯತೊಡಗಿತು. ಮೈಕ್ ಇಲ್ಲ. ಟೇಪ್ ಇಲ್ಲ. ಮೀಟರ್ ಏರುತ್ತಿತ್ತು.

ಸೀರೆಗಳ ಹಿಂದಿನಿಂದ ಮಾತು ಬಂತು. ಅವನದೇ ಕಂಠ. ವೇದಿಕೆಯ ಅದೇ ನಯ.

"ದಿಯಾ ಪುಟ್ಟಾ, ಬಾ ಇಲ್ಲಿ. ಕತೆ ಹೇಳ್ತೀನಿ."

"ಕಮಿಂಗ್ ಅಪ್ಪಾ." ಮೆಟ್ಟಿಲ ಮೇಲೆ ಪುಟ್ಟ ಹೆಜ್ಜೆಗಳು.

ಬೇಡ ಎಂದು ಕೂಗಿದ. ಬಂದದ್ದು ಬರೀ ಗಾಳಿ. ಬಾಗಿಲಿಗೆ ಅಡ್ಡ ನಿಂತ. ಅವಳು ತೋಳಿನ ಕೆಳಗೆ ನುಸುಳಿ ಒಳಬಂದಳು. ಅವನತ್ತ ನೋಡಲಿಲ್ಲ. ಸೀರೆಗಳನ್ನು ನೋಡಿ ನಕ್ಕಳು.

"ವೈ ಆರ್ ಯು ಹೈಡಿಂಗ್?"

ಸೀರೆಗಳು ಬೇರೆಯಾದವು. ಅವಳ ಕೈ ಒಳಗೆ ಹೋಯಿತು. ಮೊಣಕೈವರೆಗೆ. ಭುಜದವರೆಗೆ. ಅವನು ಎಳೆದ. ಆ ಕಡೆಯಿಂದಲೂ ಎಳೆತ. ಕರ್ಪೂರ ಉಸಿರು ಕಟ್ಟಿಸಿತು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈ ಕೀಲಿಮಣೆಯ ಮೇಲೆ. ಅನ್‌ಡೂ. ಆಗಲಿಲ್ಲ. ಅನ್‌ಡೂ. ಆಗಲಿಲ್ಲ.

ಅದಕ್ಕೆ ಜಾಗ ಬೇಕು.

ರೆಕಾರ್ಡ್ ಒತ್ತಿದ. ಉಸಿರು ಬಿಗಿಹಿಡಿದ. ಕೊಡಲು ಉಳಿದದ್ದು ಅದೊಂದೇ, ಅವನ ಮೌನ. ಮೀಟರ್ ಇಳಿಯಿತು. ಇನ್ನೂ ಇಳಿಯಿತು. ಗೆರೆ ನೆಟ್ಟಗಾಯಿತು. ದಿಯಾ ಅವನ ಎದೆಯ ಮೇಲೆ ಬಂದು ಬಿದ್ದಳು.

ಮಗಳು ಸಿಕ್ಕಳು. ಅವನ ಕಂಠ ಅದರ ಜೊತೆ ಫೈಲಿನೊಳಗೇ ಉಳಿಯಿತು. ಡಾಕ್ಟರು ಸ್ಟ್ರೆಸ್ ಎಂದರು. ಹೆಸರು ಗೊತ್ತಿಲ್ಲದ್ದಕ್ಕೆಲ್ಲ ಅವರಿಗೆ ಅದೇ ಹೆಸರು. ಸಂಘ ನಿಶ್ಚಲ್ ಎಂಬ ಹುಡುಗನ ಕೈಗೆ ಮೈಕ್ ಕೊಟ್ಟಿತು. ಮೊದಲಿನವನಿಗಿಂತ ಇವನೇ ಎಷ್ಟೋ ವಾಸಿ, ಮಾತು ಕಡಿಮೆ ಎಂದು ಎಲ್ಲರೂ ಮೆಚ್ಚಿದರು.

ಜಯದೇವಿ ಆಂಟಿ ಫೈಲನ್ನು ಸ್ವಲ್ಪ ಕೇಳಿ ಹೆಡ್‌ಫೋನ್ ಕೆಳಗಿಟ್ಟರು. "ಇದು ನನಗೆ ಬೇಡ. ಇದಕ್ಕೀಗ ನಿನ್ನ ಮನೆಯ ಪರಿಚಯ ಆಗಿದೆ, ನೀನೇ ಇಟ್ಕೋ. ಅಳಿಸ್ಲಿಕ್ಕೆ ಮಾತ್ರ ಹೋಗ್ಬೇಡ ಮಾರಾಯ."

ಶ್ರೀಕರ ಈ ಸಲ ನಗಲಿಲ್ಲ. ನಗುವುದಕ್ಕೂ ಸದ್ದು ಬೇಕು.

ಮರುದಿನ ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು ಮೆಟ್ಟಿಲ ಬುಡದಲ್ಲಿದ್ದಾಗ, ಮೇಲಿನಿಂದ ದಿಯಾ ಬಗ್ಗಿ ನೋಡಿದಳು. ಕೊರಳಲ್ಲಿ ಅವನ ಹೆಡ್‌ಫೋನ್. ಮುಖದ ತುಂಬ ಖುಷಿ.

"ಅಪ್ಪಾ, ಕಂಪ್ಯೂಟರಲ್ಲಿ ಯುವರ್ ಸ್ಟೋರಿ ಈಸ್ ಸೋ ಗುಡ್. ಬಟ್ ಯು ಸೆಡ್, ಎಂಡಿಂಗ್ ಬೇಕಾದ್ರೆ ಒಳಗೆ ಬಾ ಅಂತ. ಸೋ ಐ ಆ್ಯಮ್ ಗೋಯಿಂಗ್, ಓಕೆ?"

ತಲೆ ಮರೆಯಾಯಿತು. ಲೋಟ ಬಿತ್ತು. ಅವನು ಮೆಟ್ಟಿಲೇರಿ ಓಡುತ್ತ ಬಾಯಿ ತೆರೆದ.

ಮೇಲೆ ಕ್ಲಾಸೆಟ್ಟಿನ ಬಾಗಿಲು ಮುಚ್ಚಿತು. ಫ್ರಿಜ್ಜಿನಲ್ಲಿ ಐಸ್ ಉದುರಿತು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ.